ಓಬಳನು ಬೇರು ಮಾರಿದ ಬಗೆ

ಬನ್ನಿ, ಕುಳಿತುಕೊಳ್ಳಿ. ನಗು ಬಂದವರು ನಗಬಹುದು. ಕತೆ ಮಾತ್ರ ನಗೆಯದಲ್ಲ.

ಕೆಂಪು ಮರಳುಮಣ್ಣಿನ ಒಂದೂರಿನಲ್ಲಿ ಪಾಲಮ್ಮನೆಂಬ ವಿಧವೆ ಅಶ್ವಗಂಧವನ್ನೂ ಲೋಳೆಸರವನ್ನೂ ಬೆಳೆದು ಬಾಳುತ್ತಿದ್ದಳು. ಪರರ ಬೇನೆಗೆ ಮದ್ದು ಬೆಳೆಯುವ ಆಕೆಯ ಎದೆಯಲ್ಲೇ ವಾಸಿಯಾಗದ ಕೆಮ್ಮು ಮನೆಮಾಡಿತ್ತು. ಸಾವಿಗೆ ಅಂಜಿದವಳಲ್ಲ, ಅಂಜಿದ್ದು ಮಗನಿಗಾಗಿ. ಓಬಳನೋ, ಹೋರಿಯಂಥ ಆಳು, ಹಸುಳೆಯಂಥ ಬುದ್ಧಿ. ತಾನು ಕಣ್ಮುಚ್ಚುವುದರೊಳಗೆ ಇವನು ಒಂದು ಮೂಟೆ ಅಶ್ವಗಂಧದ ಬೇರನ್ನಾದರೂ ಮೋಸಹೋಗದೆ ಮಾರಬೇಕು: ಆಕೆಗಿದ್ದ ಹಂಬಲ ಇದೊಂದೇ.

"ಮಗಾ, ಬೇರಲ್ಲಿ ಮಣ್ಣಿದ್ರೆ ಮಂಡಿ ಸಾಹುಕಾರ ಮುಟ್ಟಾಕಿಲ್ಲ. ತೊಳ್ಕೊಂಡು ಹೋಗು."

ತೊಳೆದ. ತೊಟ್ಟಿಕ್ಕುವ ಮೂಟೆಯನ್ನು ಹೊತ್ತು ಪೇಟೆಗೆ ಹೋದ.

"ಬೇರು ತಂದ್ಯೇನಲೇ, ಕೆರೆ ತಂದ್ಯೇನಲೇ!" ಎಂದ ಸಾಹುಕಾರ, ಕಾಸಿಗೆ ಕಡೆಯಾಗಿ ಕೊಂಡ.

ಪಾಲಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ ಪೆದ್ದೇ! ಮಾರೋ ಮಾಲನ್ನ ಮುರಿದ್ರೆ ಲಟಕ್ ಅನ್ನಂಗೆ ಒಣಗಿಸ್ಬೇಕು ಕಣೋ!"

"ಆಗ್ಲಿ ಕಣವ್ವ, ಇನ್ಮ್ಯಾಕೆ ಹಂಗೇ ಮಾಡ್ತೀನಿ."

ಮುಂದಿನ ಸರದಿ ಲೋಳೆಸರದ್ದು. ರಸ ತುಂಬಿ ತುಳುಕುವ ಎಲೆಗಳನ್ನು ಬಂಡೆಯ ಮೇಲೆ ಹರಡಿ, ಲಟಕ್ಕೆನ್ನುವ ತನಕ ಒಣಗಿಸಿ ಒಯ್ದ.

"ಒಲೆಗೆ ಪುಳ್ಳೆ ತಂದ್ಯೇನಲೇ?" ಎಂದು ಸಾಹುಕಾರ ಬೀದಿಗೆಸೆದ.

"ಅಯ್ಯೋ ಮಂಕೇ! ರಸ ಆರ್ದಂಗೆ ಒದ್ದೆ ಗೋಣಿ ಹೊದಿಸಿ ಒಯ್ಬೇಕು ಕಣೋ!"

"ಆಗ್ಲಿ ಕಣವ್ವ, ಇನ್ಮ್ಯಾಕೆ ಹಂಗೇ ಮಾಡ್ತೀನಿ."

ಮತ್ತೆ ಬೇರಿನ ಸರದಿ. ತಾಯಿ ಕೆಮ್ಮುತ್ತ ಕೆಮ್ಮುತ್ತ ಒಣಗಿಸಿಟ್ಟ ಬೇರಿಗೆ ಓಬಳ ಒದ್ದೆ ಗೋಣಿ ಹೊದಿಸಿ, ಸಂತೆ ಬರುವವರೆಗೂ ನೀರು ಚಿಮುಕಿಸಿದ. ಬೇರೆಲ್ಲ ಬೂಷ್ಟು ಹಿಡಿಯಿತು. ಸಾಹುಕಾರ ಮೂಗು ಮುಚ್ಚಿಕೊಂಡೇ ತೂಗಿದ.

"ಒಳ್ಳೇ ಮನುಷ್ಯ ಕಣವ್ವ," ಎಂದ ಮನೆಗೆ ಬಂದ ಓಬಳ. "ತಕ್ಕಡಿಗೆ ಭಾರ ಆದೀತು ಅಂತ ನಮ್ಮ ಮಾಲಿನ ತಟ್ಟೆ ಅಡಿಗೆ ಕೈಯಿಟ್ಟು ಎತ್ತಿ ಹಿಡ್ಕೊಂಡಿದ್ದ!"

ಪಾಲಮ್ಮ ನಕ್ಕಳು. ನಗು ಕೆಮ್ಮಾಯಿತು, ಕೆಮ್ಮು ಅಳುವಾಯಿತು. ಇಷ್ಟು ವರ್ಷವೂ ಕಾಸು ಹೋದುದು ಮಗನ ದಡ್ಡತನದಿಂದಷ್ಟೇ ಅಲ್ಲವೆಂದು ಆಗ ತಿಳಿಯಿತು.

"ಕೇಳು ಮಗಾ. ಮದ್ದಿನ ಗಿಡ ಬೆಳೆಯೋರೆಲ್ಲ ಸೇರಿ ಸಂಘ ಕಟ್ಟವ್ರೆ. ನಾಳೆ ಅವರ ಗಾಡಿ ತಕ್ಕಡಿ ಸಮೇತ ಬಾಗಿಲಿಗೇ ಬರ್ತದೆ. ಕಣ್ಣೆದುರಿಗೆ ತೂಗ್ದೆ ಈ ಮನೆಯಿಂದ ಏನನ್ನೂ ಬಿಡಬ್ಯಾಡ. ಯಾರು ಬೈದ್ರೂ ಬಿಡಬ್ಯಾಡ, ಅತ್ತು ಕರೆದ್ರೂ ಬಿಡಬ್ಯಾಡ. ತೂಕ ಕಮ್ಮಿ ಬಂತೋ, ಮೋಸ ಅಂತ್ಲೇ ತಿಳ್ಕೊ. ಒಳಕ್ಕೆ ತಂದು ಬಾಗಿಲು ಹಾಕ್ಕೊ."

"ಆಗ್ಲಿ ಕಣವ್ವ, ಇನ್ಮ್ಯಾಕೆ ಹಂಗೇ ಮಾಡ್ತೀನಿ."

ಬೆಳಗಾಯಿತು. ಪಾಲಮ್ಮ ಏಳಲಿಲ್ಲ.

ಬೇರು ಕೊಳ್ಳಲು ಬಂದ ಸಂಘದವರೇ ಗಾಡಿ ನಿಲ್ಲಿಸಿ ಬಿದಿರು ತಂದು ಚಟ್ಟ ಕಟ್ಟಿದರು. ಓಬಳ ಹೊಸ್ತಿಲ ಮೇಲೆ ಎರಡೂ ಕೈ ಚಾಚಿ ನಿಂತ.

"ತೂಗ್ದೆ ಕೊಡಾಕಿಲ್ಲ. ಅವ್ವನೇ ಹೇಳವ್ಳೆ."

"ಲೋ ಹುಚ್ಚಪ್ಪ, ಹೆತ್ತವ್ವನ್ನ ತೂಗ್ತಾರೇನೋ!" ಗಂಡಸರು ಬೈದರು. ಹೆಂಗಸರು ಅತ್ತರು. ಅವನು ಅಲುಗಲಿಲ್ಲ.

ಹೊತ್ತು ಇಳಿಯಿತು. ಸಂಘದ ಹಿರಿಯ ಬೊಮ್ಮಲಿಂಗಪ್ಪ ಕಣ್ಣೊರಸಿಕೊಂಡು, "ತೂಗ್ರಪ್ಪ. ಅವಳದೇ ಮಾತಂತೆ, ನಡೀಲಿ," ಎಂದ.

ಅಂಗಳದ ಬೇವಿನ ಕೊಂಬೆಗೆ ಗಾಡಿಯ ದೊಡ್ಡ ತಕ್ಕಡಿ ಕಟ್ಟಿದರು. ಒಂದು ತಟ್ಟೆಯಲ್ಲಿ ಪಾಲಮ್ಮನನ್ನು ಮಲಗಿಸಿ, ಇನ್ನೊಂದರಲ್ಲಿ ಒಂದು ಮೂಟೆ ಬೇರಿಗೆ ಇಡುವಷ್ಟೇ ಕಲ್ಲನ್ನಿಟ್ಟರು. ಕಲ್ಲು ನೆಲ ಮುಟ್ಟಿತು, ಪಾಲಮ್ಮ ಮೇಲೇರಿದಳು.

ಓಬಳ ತಕ್ಕಡಿಯ ಮುಳ್ಳು ನೋಡಿದ. ಬಗ್ಗಿ ತಟ್ಟೆಯ ಅಡಿ ನೋಡಿದ. ಅಲ್ಲಿ ಯಾರ ಕೈಯೂ ಇರಲಿಲ್ಲ.

"ಮೋಸ!" ಎಂದು ಚೀರಿದ. "ನಮ್ಮವ್ವ ಇಷ್ಟೇ ಅಲ್ಲ!"

ತಾಯಿಯನ್ನು ಎರಡೂ ತೋಳಿನಲ್ಲಿ ಎತ್ತಿಕೊಂಡು ಒಳಗೆ ಹೋಗಿ, ಅಗುಳಿ ಹಾಕಿಕೊಂಡ.