ದೀಪದೊಳಗಿನ ಹೆಬ್ಬೆಟ್ಟು

ಹತ್ತಿರ ಕೂತ್ಕೊಳ್ಳಿ ಮಕ್ಕಳೇ. ಇದು ನಗುವ ಕತೆಯಲ್ಲ, ಮೊದಲೇ ಹೇಳಿಬಿಡುತ್ತೇನೆ.

ಒಂದು ರಾಜ್ಯದಲ್ಲಿ ಮೋನಪ್ಪ ಅಂತ ಒಬ್ಬ ಕಂಚುಗಾರನಿದ್ದ. ಅವನ ಹೆಂಡತಿ ಕಾಳವ್ವ. ರಾಜ ಒಂದು ಪರದೇಶದ ದೀಪದ ಚಿತ್ರ ತೋರಿಸಿ, "ಇಂಥ ಮೇಜಿನ ದೀಪ ಒಂದು ಜೋಡಿ ಬೇಕು" ಅಂದ. ಕೆಳಗೆ ಅಮೃತಶಿಲೆಯ ಬಿಳಿ ಕಂಬ, ಮೇಲೆ ಚಿನ್ನ ಲೇಪಿಸಿದ ಕಂಚಿನ ಬಳ್ಳಿ.

ಕಾಳವ್ವ ಮೇಣದಲ್ಲಿ ಬಳ್ಳಿ ತಿದ್ದಿದಳು. ಮೋನಪ್ಪ ಕಂಚು ಹೊಯ್ದ. ಆಮೇಲೆ ಚಿನ್ನವನ್ನು ಪಾದರಸದಲ್ಲಿ ಕಲಸಿ, ಬಳಿದು, ಬೆಂಕಿಗೆ ಹಿಡಿಯುವ ಕೆಲಸ. ಅದೂ ಅವಳದೇ. ಪಾದರಸ ಹೊಗೆಯಾಗಿ ಹೋಗುತ್ತದೆ, ಚಿನ್ನ ಉಳಿಯುತ್ತದೆ. ಹೊಗೆ ಕುಡಿದವರು ಉಳಿಯುವುದಿಲ್ಲ. ಮೊದಲ ದೀಪಕ್ಕೇ ಅವಳ ಕೈ ನಡುಗಿತು, ಹಲ್ಲು ಉದುರಿತು. ಎರಡನೆಯದರ ಮೇಣ ಮೆತ್ತಗಿದ್ದಾಗ ಒಳಬದಿಗೆ ಹೆಬ್ಬೆಟ್ಟು ಒತ್ತಿ, "ನಂದೂ ಒಂದು ಗುರುತು ಇರ್ಲಿ" ಅಂದಳು. ಗುರುತು ಕಂಚಿಗೆ ಇಳಿಯಿತು. ದೀಪ ಮುಗಿಯಿತು, ಕಾಳವ್ವನೂ ಹೋಗಿಬಿಟ್ಟಳು.

ದೀಪಗಳು ಅರಮನೆಯ ಉಗ್ರಾಣ ಸೇರಿದವು. ಅಲ್ಲಿನ ಅಧಿಕಾರಿ ಚೆನ್ನಿಗರಾಯ ಆ ಎರಡನೆಯ ದೀಪ ಕದ್ದು, ಅದರ ಜಾಗದಲ್ಲಿ ಚಿನ್ನದ ಬಣ್ಣ ಬಳಿದ ಹಿತ್ತಾಳೆಯದೊಂದನ್ನು ಇಟ್ಟ. ಆಮೇಲೆ ರಾಜನೆದುರು ಅದನ್ನೇ ಹುಣಸೆಹಣ್ಣಿನಿಂದ ಉಜ್ಜಿದ. ಬಣ್ಣ ಕಿತ್ತುಬಂದು ಹಿತ್ತಾಳೆ ಕಂಡಿತು. "ಮೋನಪ್ಪ ಚಿನ್ನ ನುಂಗಿದ್ದಾನೆ ಮಹಾಪ್ರಭು!"

"ಮೂರು ದಿನದಲ್ಲಿ ನಿಜದ ದೀಪ ಬರದಿದ್ದರೆ ಕೈ ಕಡಿಸುತ್ತೇನೆ" ಅಂದ ರಾಜ.

ಮೋನಪ್ಪ ದೀಪದೊಳಗೆ ಬೆರಳಾಡಿಸಿದ. ಹೆಬ್ಬೆಟ್ಟಿರಲಿಲ್ಲ. ಕೈ ಹೋದರೆ ಹೋಗಲಿ, ಅವಳ ಗುರುತು ಹೋಯಿತಲ್ಲ! ತುಂಬಿದ ಸಭೆಯಲ್ಲಿ ಹೇಳಿದ: "ಇದು ನನ್ನ ದೀಪ ಅಲ್ಲ. ನನ್ನದರಲ್ಲಿ ಇನ್ನೂ ವಿಷ ಐತಿ. ಇಟ್ಟುಕೊಂಡವರಿಗೆ ಮೊದಲ ದಿನ ಬಾಯಿ ಉಪ್ಪಾಗ್ತದ, ಎರಡನೇ ದಿನ ವಸಡು ನೋಯ್ತದ, ಮೂರನೇ ದಿನ ಹಲ್ಲು ಬೀಳ್ತಾವ. ನನ್ನ ಹೆಂಡತಿ ಹೆಂಗ ಸತ್ತಳು ಅಂತ ಊರಿಗೇ ಗೊತ್ತು."

ದೀಪದಲ್ಲಿ ವಿಷ ಉಳಿದಿದೆ ಎಂದದ್ದು ಸುಳ್ಳು. ಕಳ್ಳನನ್ನು ಹಿಡಿಯಲು ಅವಳ ಸಾವನ್ನೇ ಬಲೆ ಮಾಡಬೇಕಾಯಿತು. ತನ್ನ ಮನೆಯೊಳಗೆ ಅಡಗಿ ಕೂರಲು ಇಬ್ಬರು ಕಾವಲುಗಾರರನ್ನು ಕೊಡಿ ಎಂದು ರಾಜನನ್ನು ಗುಟ್ಟಾಗಿ ಕೇಳಿಕೊಂಡ.

ಮೊದಲ ದಿನ ಚೆನ್ನಿಗರಾಯ ತುಟಿ ನೆಕ್ಕುತ್ತಲೇ ಇದ್ದ. ಎರಡನೇ ದಿನ ಕೈ ಕೆನ್ನೆ ಬಿಡಲಿಲ್ಲ. ಮೂರನೇ ದಿನ ಮೋನಪ್ಪನ ಬಾಗಿಲಿಗೇ ಓಡಿಬಂದು, ಬಟ್ಟೆಯಲ್ಲಿ ಸುತ್ತಿ ತಂದಿದ್ದ ದೀಪವನ್ನು ಬಿಚ್ಚಿಟ್ಟ. "ಇದರ ವಿಷ ಇಳಿಸೋ ಮಾರಾಯಾ!"

ಕಾವಲುಗಾರರು ಅಲ್ಲೇ ಹಿಡಿದರು. ಮೋನಪ್ಪನ ಮೇಲೆ ಕಳ್ಳತನ ಹೊರಿಸಿದ ಚೆನ್ನಿಗರಾಯನೇ ಸೆರೆಮನೆ ಸೇರಿದ.

"ಏನು ಬೇಕು ಕೇಳು" ಅಂದ ರಾಜ.

"ಇಂಥ ದೀಪ ಇನ್ನು ಯಾರ ಕೈಲೂ ಮಾಡಿಸಬ್ಯಾಡ್ರಿ, ಪ್ರಭು."

ದೀಪವನ್ನು ರಾಜನ ಕೈಗೆ ಒಪ್ಪಿಸುವ ಮೊದಲು ಮೋನಪ್ಪ ಅದನ್ನು ಬೋರಲು ಹಾಕಿ, ಅವಳ ಗುರುತಿನ ಮೇಲೆ ತನ್ನ ಹೆಬ್ಬೆರಳಿಟ್ಟ. ಅವಳದು ಚಿಕ್ಕದು. ಕೂರಲಿಲ್ಲ. ಅಲ್ಲೇ ಗೊಳೋ ಎಂದು ಅತ್ತ. ರಾಜ ತಲೆ ತಗ್ಗಿಸಿದ.

ಇಷ್ಟೇ ಮಕ್ಕಳೇ. ಹೊಳೆಯುವುದನ್ನು ಕಂಡು ಆಸೆಯಿಂದ ಕೈ ಚಾಚಬೇಡಿ. ಅದಕ್ಕಾಗಿ ಯಾರು ಬೆಂದರು ಎಂದು ಮೊದಲು ಕೇಳಿ.