ಬಿಚ್ಚದ ಪಿಂಡಿ

ಶಿಷ್ಯ ಕೇಳಿದ: "ಗುರುಗಳೇ, ಮನಸ್ಸಿನ ಮೇಲಿನ ಭಾರವನ್ನು ಒಂದೇ ಸಲಕ್ಕೆ ಇಳಿಸಿಬಿಡುವ ದಾರಿ ಇದೆಯೇ?"

ಆ ಶಿಷ್ಯ ಮಠದ ಉಗ್ರಾಣ ನೋಡಿಕೊಳ್ಳುತ್ತಿದ್ದ. ಅಕ್ಕಿ ಬಂತೇ, ಸೌದೆ ಒಣಗಿತೇ, ನಾಳೆ ಉಣ್ಣುವವರು ಎಷ್ಟು ಮಂದಿ ಎಂಬುದರಲ್ಲೇ ಅವನ ದಿನ ಮುಗಿಯುತ್ತಿತ್ತು. ಇತ್ತೀಚೆಗೆ ಗಂಟೆ ಬಾರಿಸುವ ಮೊದಲೇ ಎಚ್ಚರವಾಗಿ ಎದೆ ಬಿಗಿಯುತ್ತಿತ್ತು. ಅಡುಗೆಯವನ ಮೇಲೆ ಸುಮ್ಮಸುಮ್ಮನೆ ಹರಿಹಾಯುತ್ತಿದ್ದ. ಪಂಕ್ತಿಯಲ್ಲಿ ಕೂತರೆ ತಲೆ ಎತ್ತದೆ ಉಂಡು, ಉಳಿದವರು ಮುಗಿಸುವವರೆಗೆ ಕಾಯಬೇಕೆಂಬ ರೂಢಿಯನ್ನೂ ಮರೆತು ಎದ್ದುಬಿಡುತ್ತಿದ್ದ.

"ಬೆಟ್ಟದ ಮೇಲಿನ ಗುಹೆಗೆ ಹೋಗಿ ಮಳೆಗಾಲ ಮುಗಿಯುವವರೆಗೆ ಮೌನವಾಗಿರಬೇಕು ಅಂದುಕೊಂಡಿದ್ದೇನೆ. ಅಪ್ಪಣೆ ಕೊಡಿ" ಎಂದ.

ಗುರುಗಳು ಆಗಲಿ ಎನ್ನಲಿಲ್ಲ, ಬೇಡ ಎನ್ನಲಿಲ್ಲ. "ಕೂತುಕೋ. ಒಬ್ಬ ಎಲೆ ವ್ಯಾಪಾರಿಯ ಕತೆ ಇದೆ, ಕೇಳಿಕೊಂಡು ಹೋಗು" ಎಂದು ಹೇಳತೊಡಗಿದರು.

ಒಂದು ಪೇಟೆಯಲ್ಲಿ ಒಬ್ಬ ವೀಳ್ಯದೆಲೆ ವ್ಯಾಪಾರಿ ಇದ್ದ. ಎಲೆಯದು ನಾಜೂಕಿನ ವ್ಯಾಪಾರ. ಬೆಲ್ಲವನ್ನು ಮೂಲೆಯಲ್ಲಿಟ್ಟು ಮರೆಯಬಹುದು, ಮೆಣಸನ್ನು ಮರೆಯಬಹುದು, ಎಲೆಯನ್ನು ಮರೆಯುವಂತಿಲ್ಲ. ತೋಟದಿಂದ ಅದು ಪಿಂಡಿಯಾಗಿ ಬರುತ್ತದೆ. ಎಲೆಯ ಕಟ್ಟುಗಳನ್ನು ಒತ್ತಾಗಿ ಜೋಡಿಸಿ, ಬಾಳೆಎಲೆ ಸುತ್ತಿ, ಬಾಳೆನಾರಿನಿಂದ ಬಿಗಿದರೆ ಅದೇ ಪಿಂಡಿ. ಅದನ್ನು ದಿನಕ್ಕೊಮ್ಮೆ ಬಿಚ್ಚಬೇಕು. ಕೆಟ್ಟ ಎಲೆ ಆಯ್ದು ಬಿಸಾಡಬೇಕು, ಒಳಗಿನದನ್ನು ಹೊರಗೆ ಮಾಡಿ ಗಾಳಿ ಆಡಿಸಬೇಕು, ನಾಲ್ಕು ಹನಿ ನೀರು ಚಿಮುಕಿಸಿ ಮತ್ತೆ ಹಗುರವಾಗಿ ಕಟ್ಟಬೇಕು. ಹಾಗೆ ಮಾಡದಿದ್ದರೆ ಪಿಂಡಿಯ ಹೊಟ್ಟೆಯಲ್ಲಿ ಕಾವು ಏಳುತ್ತದೆ. ಮೇಲೆ ಹಸಿರಾಗಿಯೇ ಇರುತ್ತದೆ, ಒಳಗೆ ಬೇಯುತ್ತಿರುತ್ತದೆ.

ಈ ಕೆಲಸವನ್ನು ಅವನು ಮನೆಯ ಜಗಲಿಯ ಮೇಲೆ ಮಾಡುತ್ತಿದ್ದ. ಎದುರಿಗೆ ಹೆಂಡತಿ ಕೂರುತ್ತಿದ್ದಳು. ನಡುವೆ ಒದ್ದೆ ಗೋಣಿ, ಅದರ ಮೇಲೆ ಎಲೆ. ಕೈ ಎಲೆ ಮಗುಚುತ್ತಿದ್ದರೆ ಬಾಯಿಗೆ ಬಿಡುವಿರುತ್ತಿರಲಿಲ್ಲ.

"ಆ ತೋಟದವನು ಇವತ್ತೂ ನಡುವೆ ಮುದಿ ಎಲೆ ತುರುಕಿದ್ದಾನೆ ನೋಡು" ಎನ್ನುವನು ಅವನು.

"ತುರುಕದೆ ಏನು ಮಾಡ್ತಾನೆ? ನೀವು ಹೋದಾಗೆಲ್ಲ ಚೊಂಬುಗಟ್ಟಲೆ ಮಜ್ಜಿಗೆ ಕುಡಿದು ಬರ್ತೀರಿ. ಅದರ ಬೆಲೆ ಅವನು ಎಲ್ಲಿಂದ ತೆಗೀಬೇಕು?" ಎನ್ನುವಳು ಅವಳು.

ಅವನು ನಗುತ್ತಿದ್ದ. ತೋಟದವನ ಮೇಲಿನ ಸಿಟ್ಟು ಅಲ್ಲಿಗೆ ಮುಗಿಯುತ್ತಿತ್ತು. ಗಿರಾಕಿಯ ಜಗಳ, ಗಾಡಿಯವನ ಸೋಮಾರಿತನ, ಸೊಂಟದ ನೋವು, ಎಲ್ಲವೂ ಆ ಗೋಣಿಯ ಮೇಲೆ ಬಂದು ಬೀಳುತ್ತಿದ್ದವು. ಕೊನೆಗೆ ಅವಳು ಕೆಟ್ಟ ಎಲೆಗಳನ್ನು ಬುಟ್ಟಿಗೆ ಗುಡಿಸಿ ತಿಪ್ಪೆಗೆ ಹಾಕಿ ಬರುತ್ತಿದ್ದಳು. ಅವನು ಕೈ ತೊಳೆದು ಉಂಡು ಮಲಗುತ್ತಿದ್ದ. ಎಲೆ ಆಯುವುದಲ್ಲದೆ ಅಲ್ಲಿ ಇನ್ನೊಂದು ಕೆಲಸವೂ ನಡೆಯುತ್ತಿದೆ ಎಂದು ಇಬ್ಬರಿಗೂ ಹೊಳೆದಿರಲಿಲ್ಲ.

ವ್ಯಾಪಾರ ಕುದುರಿತು. ಸುತ್ತಲಿನ ಊರುಗಳ ಮದುವೆ ಮುಂಜಿಗೆಲ್ಲ ಅವನದೇ ಎಲೆ. ಪೇಟೆಬೀದಿಯಲ್ಲಿ ದೊಡ್ಡ ಅಂಗಡಿ ಮಾಡಿದ, ಎಲೆ ಆಯಲು ಆಳುಗಳನ್ನಿಟ್ಟ. ಪಿಂಡಿಗಳು ಗಾಡಿಯಿಂದ ನೇರ ಅಂಗಡಿಗೆ ಇಳಿಯತೊಡಗಿದವು. ಅವನು ಹೆಂಡತಿಗೆ ಬಲು ಹೆಮ್ಮೆಯಿಂದ ಹೇಳಿದ: "ಇನ್ನು ನೀನು ಕೈ ಒದ್ದೆ ಮಾಡಿಕೊಳ್ಳಬೇಕಾಗಿಲ್ಲ."

"ಒಣಗಿದ ಕೈ ಇಟ್ಟುಕೊಂಡು ನಾನೇನು ಮಾಡಲಿ?" ಎಂದಳು.

ಅದು ಅವಳ ಬಿಂಕ ಎಂದುಕೊಂಡ.

ವ್ಯಾಪಾರ ದೊಡ್ಡದಾದಂತೆ ತಾಪತ್ರಯವೂ ದೊಡ್ಡದಾಯಿತು. ಒಂದು ತೋಟಕ್ಕೆ ರೋಗ ತಗುಲಿತು. ಗಾಡಿ ತಡವಾಗಿ ಒಂದು ಮದುವೆಮನೆಯಲ್ಲಿ ತಾಂಬೂಲಕ್ಕೆ ಎಲೆಯಿಲ್ಲದಂತಾಯಿತು, ಆ ಮನೆಯವರು ಅಂಗಡಿಯ ಮುಂದೆ ನಿಂತು ಬಾಯಿಗೆ ಬಂದಂತೆ ಬೈದು ಹೋದರು. ಅವನು ಮನೆಗೆ ಬಂದು ಮಾತಿಲ್ಲದೆ ಉಣ್ಣುತ್ತಿದ್ದ. "ಏನಾಯಿತು?" ಎಂದು ಅವಳು ಕೇಳಿದರೆ, "ಏನಿಲ್ಲ" ಎನ್ನುತ್ತಿದ್ದ. ಸುಳ್ಳು ಹೇಳಬೇಕೆಂದಲ್ಲ. ಎಲ್ಲಿಂದ ಶುರು ಮಾಡುವುದು ಎಂದು ತಿಳಿಯುತ್ತಿರಲಿಲ್ಲ. ಮೊದಲಾದರೆ ಎಲೆಯೇ ಮಾತು ಎತ್ತಿಕೊಡುತ್ತಿತ್ತು. ಈಗ ನಡುವೆ ಊಟದ ತಟ್ಟೆ ಬಿಟ್ಟರೆ ಬೇರೇನೂ ಇರಲಿಲ್ಲ.

ಕತ್ತು ಬಿಗಿಯಿತು. ನಿದ್ದೆ ದೂರವಾಯಿತು. ನಾಲಿಗೆಗೆ ರುಚಿ ಹೋಯಿತು. ಒಂದು ಮಧ್ಯಾಹ್ನ, ಸಾರಿಗೆ ಉಪ್ಪೇ ಇಲ್ಲ ಎಂದು ಅವನು ತಟ್ಟೆಯನ್ನು ತಳ್ಳಿದ. ಅದು ಗೋಡೆಗೆ ಬಡಿದು ಮಗುಚಿಕೊಂಡಿತು.

ಅವಳು ಅಳಲಿಲ್ಲ, ಕೂಗಾಡಲಿಲ್ಲ. ನೆಲ ಸಾರಿಸಿದಳು. ಮರುದಿನ, "ಅಣ್ಣನ ಮನೇಲಿ ಹಸು ಕರು ಹಾಕಿದೆಯಂತೆ, ನೋಡಿ ಬರ್ತೀನಿ" ಎಂದು ಪಕ್ಕದ ಊರಿಗೆ ಹೋದಳು. ಕರು ಬೆಳೆದು ಹುಲ್ಲು ತಿನ್ನತೊಡಗಿತು. ಅವಳು ಬರಲಿಲ್ಲ.

ವ್ಯಾಪಾರಿ ವೈದ್ಯನ ಬಳಿ ಹೋದ. ವೈದ್ಯ ನಾಡಿ ಹಿಡಿದು ನೋಡಿ, ತಲೆಗೆ ಎಣ್ಣೆ ಕೊಟ್ಟು, ಸಂಜೆ ಹೊತ್ತು ಬೆವರು ಬರುವಷ್ಟು ನಡೆಯಬೇಕೆಂದ. ಎಣ್ಣೆಸ್ನಾನ ಮಾಡಿದ ದಿನ ಕತ್ತು ಸಡಿಲವಾಗುತ್ತಿತ್ತು, ನಡೆದ ದಿನ ಒಂದಿಷ್ಟು ನಿದ್ದೆ ಬರುತ್ತಿತ್ತು. ಔಷಧಿ ಸುಳ್ಳಲ್ಲ. ಆದರೆ ಅವನ ಕಾಲು ಪ್ರತಿ ಸಂಜೆಯೂ ಒಂದೇ ದಾರಿ ಹಿಡಿಯುತ್ತಿತ್ತು. ಹೆಂಡತಿಯ ಅಣ್ಣನ ಊರಿನ ಎಲ್ಲೆಯಲ್ಲಿ ಒಂದು ಹುಣಸೆಮರ. ಅಲ್ಲಿಯವರೆಗೆ ಹೋಗುತ್ತಿದ್ದ. ಆ ಊರಿನ ಮನೆಗಳಿಂದ ಅಡುಗೆಯ ಹೊಗೆ ಏಳುವುದು ಕಾಣುತ್ತಿತ್ತು. ಅದರಲ್ಲಿ ಅವಳು ಹಚ್ಚಿದ ಒಲೆಯದು ಯಾವುದೋ ಎಂದು ನೋಡುತ್ತ ನಿಲ್ಲುತ್ತಿದ್ದ. ಮುಂದೆ ಕಾಲಿಡಲು ನಾಚಿಕೆ. ಯಾವ ಮುಖ ಹೊತ್ತು ಹೋಗುವುದು? ಹಾಗೆಯೇ ಹಿಂತಿರುಗುತ್ತಿದ್ದ.

ಯಾತ್ರೆಗೂ ಹೋಗಿ ಬಂದ. ದೇವರ ಮುಂದೆ ಕಣ್ಣು ಮುಚ್ಚಿದರೆ, ಪೂಜೆಯ ತಟ್ಟೆಯಲ್ಲಿರುವ ಎಲೆ ಯಾವ ತೋಟದ್ದು ಎಂಬ ಯೋಚನೆ. ಇದು ಮುದಿ ಎಲೆ, ಅವಳಿದ್ದರೆ ಎತ್ತಿ ತೋರಿಸಿ ನಗುತ್ತಿದ್ದಳು, ಎಂದುಕೊಂಡು ಕಣ್ಣು ಬಿಟ್ಟ.

ಹೀಗಿರುವಾಗ ಒಂದು ದಿನ ಆ ಊರಿನಿಂದ ಒಬ್ಬ ಆಳು ಬಂದ. ಹೆಂಡತಿಯ ಅಣ್ಣನ ಮಗಳಿಗೆ ಮದುವೆ, ಎಲೆ ಬೇಕಂತೆ.

"ನಮ್ಮ ಅಂಗಡಿಯದೇ ಬೇಕು ಅಂತ ಯಾರು ಹೇಳಿದರು?" ಎಂದು ವ್ಯಾಪಾರಿ ಕೇಳಿದ.

"ಅಕ್ಕಾವ್ರೇ ಹೇಳಿದ್ರು. ಬೇರೆ ಕಡೆ ಎಲೆ ಮುಟ್ಟಬೇಡಿ ಅಂದ್ರು."

ಆಳು ಹೋದ ಮೇಲೂ ಆ ಮಾತು ಅಂಗಡಿಯಲ್ಲೇ ಉಳಿಯಿತು. ವ್ಯಾಪಾರಿ ಅದನ್ನು ಮನಸ್ಸಿನಲ್ಲೇ ಹಲವು ಸಲ ಹೇಳಿಕೊಂಡ. ತಾನೇ ತೋಟಕ್ಕೆ ಹೋಗಿ, ಬಳ್ಳಿ ಬಳ್ಳಿ ನೋಡಿ, ಅಂಗೈಯಗಲದ ಎಳೆಯ ಎಲೆ ಕೊಯ್ಯಿಸಿದ. ಈ ಎಲೆ ಅವಳ ಕೈಗೆ ಹೋಗುತ್ತದೆ. ಇದರಲ್ಲಿ ಒಂದು ಕಲೆ ಕಂಡರೂ ತನಗೆ ಆ ಮನೆಯ ಬಾಗಿಲು ಮುಚ್ಚಿದಂತೆಯೇ. ಎಲೆಗೆ ಏನೂ ಆಗಬಾರದು. ಅವನು ಪಿಂಡಿಯನ್ನು ಮಂಡಿಯಿಂದ ಅದುಮಿ, ನಾರಿನ ಮೇಲೆ ನಾರು ಬಿಗಿದ. ಬಾಡೀತೆಂದು ಕೊಡಗಟ್ಟಲೆ ನೀರು ಸುರಿದ. ಒದ್ದೆ ಗೋಣಿ ಸುತ್ತಿ ಒಳಕೋಣೆಯಲ್ಲಿಟ್ಟು ಬಾಗಿಲು ಹಾಕಿದ.

ಅಂಗಡಿಯ ಆಳು ಕೇಳಿದ: "ಯಜಮಾನ್ರೇ, ಅದನ್ನು ಬಿಚ್ಚಿ ಗಾಳಿಗೆ ಹಾಕಲಾ?"

"ಮುಟ್ಟಬೇಡ! ಅದನ್ನು ಯಾರೂ ಮುಟ್ಟಕೂಡದು!"

ಎಲೆಯಲ್ಲೇ ಹುಟ್ಟಿ ಎಲೆಯಲ್ಲೇ ಬೆಳೆದವನು ಆಡುವ ಮಾತಲ್ಲ ಅದು. ಆದರೆ ಭಯ ಹತ್ತಿದವನಿಗೆ ಬಿಗಿಯುವುದೊಂದೇ ಗೊತ್ತು.

ಮದುವೆಯ ದಿನ ಬೆಳಗ್ಗೆ ತಾನೇ ಗಾಡಿಯಲ್ಲಿ ಪಿಂಡಿ ಹೇರಿಕೊಂಡು ಹೊರಟ. ಈ ಸಲ ಹುಣಸೆಮರದ ಬಳಿ ನಿಲ್ಲದೆ ಮುಂದೆ ಹೋದ. ಚಪ್ಪರದ ತುಂಬ ಜನ. ಪಿಂಡಿಯನ್ನು ಜಗಲಿಗೆ ಇಳಿಸಿದರು. ಒಳಗಿನಿಂದ ಅವಳು ಬಂದಳು. ಸೊರಗಿದ್ದಳು, ಅಥವಾ ಅವನಿಗೆ ಹಾಗೆ ಕಂಡಿತು. ಅವನತ್ತ ನೋಡಲಿಲ್ಲ. ಎಲೆಯವರ ಮನೆಯ ಹೆಂಗಸಲ್ಲವೇ, ನೇರ ಬಂದು ಪಿಂಡಿಯೊಳಗೆ ಕೈ ತೂರಿಸಿದಳು. ಬಿಸಿ ತಾಗಿ ತಕ್ಷಣ ಕೈ ಹಿಂದಕ್ಕೆಳೆದುಕೊಂಡಳು.

ನಾರು ಕತ್ತರಿಸಿ ತೆರೆದರು. ಸುತ್ತಲಿನ ಎಲೆ ಹಸಿರು. ನಡುವಿನದೆಲ್ಲ ಬೆಂದು ಕಪ್ಪಾಗಿ ಅಂಟಿಕೊಂಡಿತ್ತು. ಸಣ್ಣಗೆ ಹಬೆ ಎದ್ದಿತು.

ಅವಳ ಅಣ್ಣ ಸೊಂಟದ ಮೇಲೆ ಕೈಯಿಟ್ಟು ನೋಡಿದ. "ಭಾವ, ಎಲೆ ತಂದಿರೋ, ಸೊಪ್ಪಿನ ಪಲ್ಯ ತಂದಿರೋ?" ಎಂದ. ನೆಂಟರು ಗೊಳ್ಳೆಂದು ನಕ್ಕರು.

ವ್ಯಾಪಾರಿಗೆ ಗಾಡಿ ಹತ್ತಿ ಹೊರಟುಬಿಡೋಣ ಎನಿಸಿತು.

ಅವಳು ಕೇಳಿದಳು: "ಯಾವಾಗ ಬಿಚ್ಚಿದ್ದು ಇದನ್ನು?"

"ಬಿಚ್ಚಲೇ ಇಲ್ಲ. ಏನೂ ಆಗಬಾರದು ಅಂತ..." ಎಂದ.

ಅವಳು ಅವನ ಮುಖವನ್ನು ಒಮ್ಮೆ ನೋಡಿದಳು. ಕಣ್ಣ ಕೆಳಗಿನ ಕಪ್ಪು ನೋಡಿದಳು. ಆಮೇಲೆ ಒಂದು ಗೋಣಿ ತಂದು ಜಗಲಿಯ ಮೇಲೆ ಹಾಸಿ, ನೀರು ಚಿಮುಕಿಸಿ, ಈಚೆ ಬದಿಗೆ ತಾನು ಕೂತಳು. "ಕೂತ್ಕೊಳ್ಳಿ. ಸುತ್ತಲಿನದು ಚೆನ್ನಾಗೇ ಇದೆ. ಹಿರಿಯರ ತಾಂಬೂಲಕ್ಕೆ ಅಷ್ಟಾದರೂ ಆಗುತ್ತೆ" ಎಂದಳು. ಅಣ್ಣನಿಗೆ, "ನಗೋದು ಆಮೇಲೆ. ಉಳಿದದ್ದಕ್ಕೆ ಪಕ್ಕದ ತೋಟಕ್ಕೆ ಯಾರನ್ನಾದರೂ ಓಡಿಸು" ಎಂದಳು.

ಅವನು ಆಚೆ ಬದಿಗೆ ಕೂತ. ಇಬ್ಬರ ಕೈಗಳೂ ಎಲೆ ಮಗುಚತೊಡಗಿದವು. ಆಮೇಲೆ ಒಂದು ಕಲೆಬಿದ್ದ ಎಲೆ ಅವನ ಕೈಗೆ ಬಂತು.

"ಮೇಲಿನ ತೋಟಕ್ಕೆ ರೋಗ ಬಂದಿದೆ" ಎಂದ.

"ಹೂಂ. ಆಮೇಲೆ?"

ಆಮೇಲೆ ಗಾಡಿಯವನ ಮಾತು ಬಂತು. ಅಂಗಡಿಯ ಮುಂದೆ ಬೈದು ಹೋದವರ ಮಾತು ಬಂತು. ಕತ್ತು ನೋಯುವುದು, ನಿದ್ದೆ ಬಾರದಿರುವುದು, ಹುಣಸೆಮರದ ಕೆಳಗೆ ನಿಲ್ಲುವುದು, ಒಂದೊಂದಾಗಿ ಬಂದವು. ಅವಳು ಪರಿಹಾರ ಹೇಳಲಿಲ್ಲ. ಹೂಂಗುಟ್ಟುತ್ತ ಕೆಟ್ಟ ಎಲೆಯನ್ನು ಬುಟ್ಟಿಗೆ ಹಾಕುತ್ತಿದ್ದಳು. ಎಲೆ ಮುಗಿಯುತ್ತ ಬಂದಾಗ ಅವನು ತಲೆ ತಗ್ಗಿಸಿ ಹೇಳಿದ: "ಅವತ್ತು ಸಾರಿಗೆ ಉಪ್ಪು ಸರಿಯಾಗೇ ಇತ್ತು, ಅಲ್ಲವಾ?"

"ಗೊತ್ತು. ನಾನೂ ಅದನ್ನೇ ಉಂಡಿದ್ದೆನಲ್ಲ."

ಅವಳು ಬುಟ್ಟಿ ಎತ್ತಿಕೊಂಡು ತಿಪ್ಪೆಯ ಕಡೆ ಹೋದಳು. ಅವನು ಚಪ್ಪರದ ಕಂಬಕ್ಕೆ ಒರಗಿದ. ಓಲಗ ಬಾರಿಸುತ್ತಿತ್ತು, ಮಕ್ಕಳು ಕಿರುಚುತ್ತಿದ್ದರು, ಬಡಿಸುವವರು ಕೂಗುತ್ತಿದ್ದರು. ಅಷ್ಟರ ನಡುವೆ ಅವನಿಗೆ ನಿದ್ದೆ ಹತ್ತಿತು. ಧಾರೆ ಎರೆದದ್ದೂ ಗೊತ್ತಾಗಲಿಲ್ಲ. ಎದ್ದಾಗ ಬಿಸಿಲು ಇಳಿದಿತ್ತು. ತಲೆಯ ಕೆಳಗೆ ಮಡಚಿದ ಗೋಣಿ ಇತ್ತು.

ಗಾಡಿ ಕಟ್ಟುವಾಗ ಅವಳು ಬಂದು ನಿಂತಳು. "ಎಲೆ ಮನೆಗೆ ತರಿಸುವುದಾದರೆ ಬರ್ತೀನಿ" ಎಂದಳು.

ವ್ಯಾಪಾರಿಯ ಬುದ್ಧಿ ಎಲ್ಲಿಗೆ ಹೋಗುತ್ತದೆ? "ಎಲ್ಲ ಪಿಂಡಿಯನ್ನೂ ಮನೆಗೆ ತಂದರೆ ಅಂಗಡಿ ನಡೆಯುವುದು ಹೇಗೆ?" ಎಂದ.

"ಎಲ್ಲ ಯಾರಿಗೆ ಬೇಕು? ಒಂದು ಸಾಕು. ಆದರೆ ದಿನಾ."

"ವಾರಕ್ಕೊಮ್ಮೆ?"

"ನಿಮ್ಮ ಎಲೆ ವಾರ ತಡೆಯುತ್ತಾ?"

ಚೌಕಾಸಿ ಅಲ್ಲಿಗೆ ಮುಗಿಯಿತು. ಅವಳು ಗಾಡಿ ಹತ್ತಿದಳು.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

ಶಿಷ್ಯ ಕೇಳಿದ: "ಅಲ್ಲಿಗೆ ಅವನ ಕಷ್ಟ ತೀರಿತೇ?"

"ಎಲ್ಲಿ ತೀರುತ್ತದೆ? ತೋಟದ ರೋಗ ಹೋಗಲಿಲ್ಲ. ಗಾಡಿಯವನು ಮರುದಿನವೂ ತಡವಾಗಿಯೇ ಬಂದ. ಆದರೆ ವ್ಯಾಪಾರಿ ಆ ದಿನದ ತಾಪತ್ರಯವನ್ನು ಆ ದಿನವೇ ಜಗಲಿಯ ಮೇಲೆ ಬಿಚ್ಚಿದ, ಉಂಡ, ಮಲಗಿದ. ಸಂಜೆಯ ನಡಿಗೆಯನ್ನೂ ಬಿಡಲಿಲ್ಲ, ಆದರೆ ಹುಣಸೆಮರದ ದಾರಿ ಬಿಟ್ಟ."

ಶಿಷ್ಯ ಆ ಜಗಲಿಯನ್ನು ಕಂಡವನಂತೆ ಕೂತಿದ್ದ. ಅಂಥದೊಂದು ಗೋಣಿ, ಅದರ ಆಚೆ ಬದಿಗೆ ಹೂಂಗುಟ್ಟುವ ಒಂದು ಜೀವ, ತನಗೂ ಇದ್ದಿದ್ದರೆ ಎನಿಸಿತು.

"ಅವನಿಗೆ ಹೆಂಡತಿ ಇದ್ದಳು. ನಾನು ಎಲ್ಲ ಬಿಟ್ಟು ಬಂದವನು. ನನಗೆ ಯಾರಿದ್ದಾರೆ? ಅದಕ್ಕೇ ಗುಹೆಯ ಅಪ್ಪಣೆ ಕೇಳಿದೆ" ಎಂದ.

ಗುರುಗಳು ಕೇಳಿದರು: "ಹೋಗುವೆಯಂತೆ, ದಿನವೂ ಪಂಕ್ತಿಯಲ್ಲಿ ನಿನ್ನ ಪಕ್ಕ ಕೂತು ಉಣ್ಣುವವನ ಹೆಸರೇನು?"

ಶಿಷ್ಯ ಬಾಯಿ ತೆರೆದ. ಹೆಸರು ಬರಲಿಲ್ಲ.