ಹುಲ್ಲಿನಡಿಯ ತಗ್ಗು

ನದಿ ದಂಡೆಯ ಒಂದು ಕಾಲೇಜಿನಲ್ಲಿ ಗದಿಗೆಪ್ಪ ಮಾಸ್ತರರು ಓಟ ಕಲಿಸುತ್ತಿದ್ದರು. ಅವರ ತಲೆ ನೆರೆತದ್ದೂ ಮೈದಾನದಲ್ಲೇ, ಹಲ್ಲು ಬಿದ್ದದ್ದೂ ಮೈದಾನದಲ್ಲೇ. ಅವರ ಕೈಯಲ್ಲಿ ಪಳಗಿ ಪೊಲೀಸರಾದವರು, ಸೈನ್ಯಕ್ಕೆ ಸೇರಿದವರು, ಏನೂ ಆಗದೆ ಸುಮ್ಮನೆ ಗಟ್ಟಿಮುಟ್ಟಾಗಿ ಉಳಿದವರು ಸುತ್ತಲ ಊರುಗಳಲ್ಲೆಲ್ಲ ಇದ್ದರು.

ಆ ವರ್ಷ ಅವರ ನಿವೃತ್ತಿ. ಮುಂದಿನ ಕೋಚ್ ಯಾರೆಂದು ಪ್ರಿನ್ಸಿಪಾಲರು ಕೇಳಿದಾಗ, "ಗುಡ್ಡಗಾಡು ಓಟ ಮುಗೀಲಿ, ಹೆಸರು ಹೇಳತೀನಿ" ಎಂದಿದ್ದರು.

ಹಳೆಯ ಶಿಷ್ಯ ಫಕೀರಪ್ಪ ಈಗ ಅವರ ಕೈಕೆಳಗೆ ಹುಡುಗಿಯರ ತಂಡಕ್ಕೆ ತರಬೇತಿ ಕೊಡುತ್ತಿದ್ದ. ಆ ಕೆಲಸವೆಂದರೆ ಅವನಿಗೆ ಜೀವ. ಸುತ್ತಲ ಕಾಲೇಜುಗಳೆಲ್ಲ ಸೇರುವ ಆ ಓಟದಲ್ಲಿ ಕಪ್ ಗೆದ್ದರೆ ಗುರುಗಳ ಬಾಯಲ್ಲಿ ತನ್ನ ಹೆಸರೇ ಬರುತ್ತದೆಂದು ನಂಬಿದ್ದ.

ಹೆಸರು ಗುಡ್ಡಗಾಡು ಓಟವಾದರೂ ಅದು ನಡೆಯುವುದು ತಮ್ಮದೇ ನದಿ ದಂಡೆಯ ದಾರಿಯಲ್ಲಿ. ಹಿಂದಿನ ಸಂಜೆ ಗುರುಗಳು ವಾಡಿಕೆಯಂತೆ ದಾರಿ ನೋಡಲು ಹೊರಟರು, ಜೊತೆಗೆ ಫಕೀರಪ್ಪ. ಓಟ ಮುಗಿಯುವಲ್ಲಿಂದ ಶುರುವಾಗುವಲ್ಲಿಗೆ ನಡೆಯುವುದು ಅವರ ಪದ್ಧತಿ. ದಣಿದ ಕಾಲಿಗೆ ಸಿಗುವ ನೆಲವನ್ನು ಮೊದಲು ನೋಡಬೇಕು ಎನ್ನುತ್ತಿದ್ದರು.

ಸ್ವಲ್ಪ ದೂರದಲ್ಲೇ ಅವರ ಕೋಲು ಹುಲ್ಲಿನೊಳಗೆ ಇಳಿಯಿತು. ಅಡಿಯಲ್ಲಿ ಮೊಣಕಾಲುದ್ದದ ತಗ್ಗು.

"ಇದು ನಿನಗ ಗೊತ್ತಿತ್ತೇನು?"

"ಗೊತ್ತೈತ್ರಿ ಸರ. ನಮ್ಮ ಹುಡುಗ್ಯಾರಿಗೂ ಗೊತ್ತೈತಿ. ಇಲ್ಲಿ ಬಂದ ಕೂಡಲೇ ಎಡಕ್ಕ ಹೊರಳ್ರಿ ಅಂತ ದಿನಾ ರೂಢಿ ಮಾಡಿಸೀನಿ."

"ಬ್ಯಾರೆ ಕಾಲೇಜಿನವ್ರಿಗೆ?"

ಫಕೀರಪ್ಪ ನಕ್ಕ. "ನಮ್ಮ ನೆಲ, ನಮ್ಮ ಲಾಭ ರೀ ಸರ."

ಗುರುಗಳು ನಗಲಿಲ್ಲ. "ಈ ತಗ್ಗು ಕಪ್ ಗೆಲ್ಲಿಸಿತು ಅಂತ ತಿಳಿ. ಆಗ ನಾ ಕೋಚ್ ಅಂತ ಯಾರ ಹೆಸರು ಹೇಳ್ಲಿ? ನಿಂದೋ, ಇದರದೋ?"

ಅಷ್ಟು ಹೇಳಿ ಹೆಗಲ ಟವೆಲ್ ಹಾಸಿ, ದಂಡೆಯ ಮಣ್ಣನ್ನು ಬಾಚಿ ತುಂಬತೊಡಗಿದರು. ಗುರು ಮಣ್ಣು ಹೊರುವಾಗ ಶಿಷ್ಯ ಕೈಕಟ್ಟಿ ನಿಲ್ಲುವುದುಂಟೇ? ಫಕೀರಪ್ಪನೂ ಹೊತ್ತ. ಒಳಗೊಳಗೇ ಕುದಿಯುತ್ತ ಹೊತ್ತ. ತಗ್ಗು ನೆಲಕ್ಕೆ ಸಮವಾದ ಮೇಲೆ ಇಬ್ಬರೂ ತುಳಿದು ಗಟ್ಟಿ ಮಾಡಿದರು.

ಮರುದಿನ ಓಟ. ಫಕೀರಪ್ಪ ತಿದ್ದಿ ತೀಡಿದ ಹುಡುಗಿ ದಾಕ್ಷಾಯಣಿ ಕೊನೆಯ ತಿರುವಿನಲ್ಲಿ ಎಲ್ಲರಿಗಿಂತ ಮುಂದಿದ್ದಳು. ಅವಳ ಬೆನ್ನಿಗೇ ಬೇರೆ ಕಾಲೇಜಿನ ಹುಡುಗಿ. ಕಪ್ ಬಂದೇಬಿಟ್ಟಿತೆಂದು ಫಕೀರಪ್ಪ ನಿಂತಲ್ಲೇ ಕುಣಿದ.

ಮಣ್ಣು ತುಂಬಿದ ಜಾಗ ಬಂದದ್ದೇ ದಾಕ್ಷಾಯಣಿ ಸರಕ್ಕನೆ ಎಡಕ್ಕೆ ಹೊರಳಿದಳು. ಬೆನ್ನ ಹಿಂದಿನವಳು ಸಮನೆಲದ ಮೇಲೆ ನೇರ ಓಡಿ ಅವಳನ್ನು ದಾಟಿದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಮೈದಾನ ಖಾಲಿಯಾದ ಮೇಲೆ ಫಕೀರಪ್ಪ ಗುರುಗಳ ಮುಂದೆ ಬಂದು ನಿಂತ. ಕಣ್ಣು ಕೆಂಪಾಗಿದ್ದವು.

"ತಗ್ಗು ಮುಚ್ಚೇವಿ, ನೆಟ್ಟಗ ಓಡು ಅಂತ ಮುಂಜಾನೆನ ಹೇಳಿದ್ದೆ ಸರ. ಹೂಂ ಅಂದಿದ್ಲು. ಆದ್ರೂ ಕಾಲು ಎಡಕ್ಕ ಹ್ವಾದ್ವು."

"ನೋಡಿದೆ."

"ಆಕಿಗೆ ಏನೂ ಅನ್ನಬ್ಯಾಡ್ರಿ. ಅಳಾಕತ್ತಾಳ. ತಪ್ಪು ಆಕಿದಲ್ಲ, ನಂದು. ಈ ನೌಕರಿ ಬ್ಯಾರೆ ಯಾರಿಗಾದ್ರೂ ಕೊಡಸ್ರಿ."

ಗುರುಗಳು ಅವನನ್ನು ಒಂದು ಗಳಿಗೆ ನೋಡಿದರು. ಸಿಟ್ಟಿರಲಿಲ್ಲ, ಮೆಚ್ಚಿಗೆಯೇ ಇತ್ತು.

"ನೆಲದಾಗಿನ ತಗ್ಗು ಇಬ್ರೂ ಕೂಡಿ ಮುಚ್ಚಿದ್ವಿ. ಆಕಿ ತಲ್ಯಾಗ ನೀ ತೋಡಿದ್ದು ಇನ್ನೂ ಹಂಗ ಐತಿ. ನಾಳೆ ಮುಂಜಾನೆ ಲಗೂನ ಬಂದು ಅದನ್ನ ಮುಚ್ಚಾಕ ಹತ್ತು, ಕೋಚ್ ಸಾಹೇಬ."